ತನ್ನ ಕೆಲಸವನ್ನು ತಾನೇ ತೂಗಿ ನೋಡಿದ ದಂತತಜ್ಞ

ಶಾಲೆಗೆ ಹೋಗುವ ಮಕ್ಕಳ ಹಲ್ಲಿನ ಮೇಲೆ ತಂತಿ ಕಾಣುವುದು ಈಗ ನಮ್ಮ ಊರುಗಳಲ್ಲಿ ಹೊಸತಲ್ಲ. ‘ಮಗಳಿಗೆ ಕ್ಲಿಪ್ ಹಾಕಿಸಿದ್ದೇವೆ’ ಎಂದು ಹೆತ್ತವರು ಹೇಳುತ್ತಾರೆ. ಅದರ ಜೊತೆಗೆ ಕೆಲವು ಅನುಮಾನಗಳೂ ಇರುತ್ತವೆ. ಹುಳುಕಿಲ್ಲದ ಒಳ್ಳೆಯ ಹಲ್ಲನ್ನು ಕೀಳಬೇಕು ಎಂದು ಡಾಕ್ಟರು ಹೇಳಿದರೆ ಒಪ್ಪಬಹುದೇ? ಒಂದು ಹಲ್ಲಿನ ಸಾಲು ಸರಿಯಾಗಲು ಎರಡು ವರ್ಷ ಬೇಕೇ? ತಂತಿ ತೆಗೆದ ಮೇಲೆ ಹಲ್ಲು ಮತ್ತೆ ಓರೆಯಾದರೆ ಯಾರನ್ನು ಕೇಳುವುದು? ಇದು ಅಲ್ಲಾಹನ ಸೃಷ್ಟಿಯನ್ನು ಬದಲಿಸಿದಂತೆ ಆಗುವುದಿಲ್ಲವೇ?

ಈ ಪ್ರಶ್ನೆಗಳನ್ನು ಅರ್ಥ ಮಾಡಿಕೊಳ್ಳಲು ಈ ಚಿಕಿತ್ಸೆಗೇ ಬದುಕನ್ನು ಕೊಟ್ಟ ಒಬ್ಬ ವೈದ್ಯರ ಕತೆಯನ್ನು ನಾವು ಇಲ್ಲಿ ಹೇಳುತ್ತಿದ್ದೇವೆ. ಅವರು ಅಮೆರಿಕದ ಅರಿಝೋನಾ ರಾಜ್ಯದ ಚಾರ್ಲ್ಸ್ ಟ್ವೀಡ್. 1895ರಲ್ಲಿ ಜನಿಸಿ 1970ರಲ್ಲಿ ತೀರಿಕೊಂಡರು. ಅವರು ನಮ್ಮ ಸಮುದಾಯದವರಲ್ಲ, ನಮ್ಮ ದೇಶದವರೂ ಅಲ್ಲ. ಆದರೆ ರೋಗಿ ವೈದ್ಯನ ಕೈಗೆ ಒಪ್ಪಿಸುವ ದೇಹ ಒಂದು ಅಮಾನತ್ ಎಂಬ ಮಾತಿಗೆ ಅವರ ವೃತ್ತಿಜೀವನದಲ್ಲಿ ಒಳ್ಳೆಯ ಉದಾಹರಣೆ ಇದೆ.

ಹಲ್ಲು ಚಲಿಸುವುದು ಹೇಗೆ?

ಹಲ್ಲಿನ ಸಾಲನ್ನೂ ದವಡೆಯ ಜೋಡಣೆಯನ್ನೂ ಸರಿಪಡಿಸುವ ತಜ್ಞರನ್ನು ಆರ್ಥೊಡಾಂಟಿಸ್ಟ್ ಎನ್ನುತ್ತಾರೆ. ಹುಳುಕು ತುಂಬುವ, ಹಲ್ಲು ಕೀಳುವ ಸಾಮಾನ್ಯ ದಂತವೈದ್ಯರ ಕಲಿಕೆಯ ಮೇಲೆ ಇನ್ನಷ್ಟು ಕಲಿತವರು ಅವರು. ನಮ್ಮ ದೇಶದಲ್ಲಿ ಇಂಟರ್ನ್‌ಶಿಪ್ ಸೇರಿ 5 ವರ್ಷದ ಬಿ.ಡಿ.ಎಸ್. ಮುಗಿಸಿದ ನಂತರ ಇದೇ ವಿಷಯದಲ್ಲಿ 3 ವರ್ಷದ ಎಂ.ಡಿ.ಎಸ್. ಮಾಡಬೇಕು.

ಹಲ್ಲು ಗೋಡೆಗೆ ಹೊಡೆದ ಮೊಳೆಯಂತೆ ಮೂಳೆಯಲ್ಲಿ ಗಟ್ಟಿಯಾಗಿ ಕೂತಿರುವುದಿಲ್ಲ. ಹಲ್ಲಿನ ಬೇರಿಗೂ ಸುತ್ತಲಿನ ಮೂಳೆಗೂ ನಡುವೆ ನಾರಿನ ತೆಳುವಾದ ಪದರವೊಂದಿದೆ. ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲನೆ ಒತ್ತಿದಾಗ ಆ ಕಡೆಯ ಮೂಳೆ ಕರಗುತ್ತದೆ. ಎಳೆತ ಬೀಳುವ ಹಿಂಬದಿಯಲ್ಲಿ ಹೊಸ ಮೂಳೆ ತುಂಬುತ್ತದೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್‌ನಷ್ಟು ಸರಿಯುತ್ತದೆ. ಜೋರಾಗಿ ಒತ್ತಿದರೆ ಬೇಗ ಆಗುವುದಿಲ್ಲ, ನೋವು ಹೆಚ್ಚುತ್ತದೆ, ಬೇರಿಗೂ ಹಾನಿಯಾಗಬಹುದು. ಚಿಕಿತ್ಸೆಗೆ ಒಂದೂವರೆ ಎರಡು ವರ್ಷ ಹಿಡಿಯುವುದು ಇದರಿಂದಲೇ. ಇದು ಡಾಕ್ಟರರ ನಿಧಾನವಲ್ಲ, ಮೂಳೆಯ ನಿಧಾನ.

ಹಲ್ಲಿನ ಸಾಲಿನ ಬಗ್ಗೆ ವೈದ್ಯರು ತಲೆಕೆಡಿಸಿಕೊಂಡದ್ದು ಹೊಸತೇನಲ್ಲ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ದೋವಾದಲ್ಲಿದ್ದ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ಜಾಗ ತಪ್ಪಿ ಬೆಳೆದ ಹಲ್ಲನ್ನು ಕೀಳುವ, ಅರದಿಂದ ಉಜ್ಜುವ ಕ್ರಮವನ್ನೂ, ಅಲುಗಾಡುವ ಹಲ್ಲುಗಳನ್ನು ಚಿನ್ನದ ತಂತಿಯಿಂದ ಕಟ್ಟುವ ಬಗೆಯನ್ನೂ ವಿವರಿಸಿದ್ದಾರೆ. ಆದರೆ ಹಲ್ಲನ್ನು ಮೂಳೆಯೊಳಗೆ ಬೇಕಾದ ಕಡೆಗೆ ನಡೆಸುವ ವಿದ್ಯೆ ಒಂದು ಪ್ರತ್ಯೇಕ ಶಾಸ್ತ್ರವಾಗಿ ಬೆಳೆದದ್ದು 19ನೆಯ ಶತಮಾನದ ಕೊನೆಗೆ, ಅಮೆರಿಕದಲ್ಲಿ. ಅದಕ್ಕೆ ಮುಖ್ಯ ಕಾರಣ ಟ್ವೀಡ್ ಅವರ ಗುರು.

ಗುರು ಎಡ್ವರ್ಡ್ ಆ್ಯಂಗಲ್

ಎಡ್ವರ್ಡ್ ಹಾರ್ಟ್ಲಿ ಆ್ಯಂಗಲ್ 1855ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಹುಟ್ಟಿದರು. 1878ರಲ್ಲಿ ದಂತವೈದ್ಯರಾದರು. 1899ರಲ್ಲಿ ಅವರು ಹಲ್ಲುಗಳ ಅಡ್ಡಾದಿಡ್ಡಿ ಜೋಡಣೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಬಾಯಿ ಮುಚ್ಚಿದಾಗ ಮೇಲಿನ ಮೊದಲ ದೊಡ್ಡ ದವಡೆ ಹಲ್ಲು ಕೆಳಗಿನ ಹಲ್ಲಿನ ಮೇಲೆ ಎಲ್ಲಿ ಕೂರುತ್ತದೆ ಎಂಬುದೇ ಆ ವಿಂಗಡಣೆಗೆ ಆಧಾರ. ಇವತ್ತಿಗೂ ನಮ್ಮ ಕಾಲೇಜುಗಳಲ್ಲಿ ದಂತವೈದ್ಯ ವಿದ್ಯಾರ್ಥಿಗಳು ಇದನ್ನೇ ಮೊದಲು ಕಲಿಯುತ್ತಾರೆ. 1900ರಲ್ಲಿ ಆ್ಯಂಗಲ್ ಸೇಂಟ್ ಲೂಯಿಸ್ ನಗರದಲ್ಲಿ ಈ ವಿದ್ಯೆಗೆಂದೇ ಶಾಲೆ ತೆರೆದರು.

ಆ್ಯಂಗಲ್ ದೊಡ್ಡ ಪ್ರತಿಭೆ, ಅಷ್ಟೇ ಹಟಮಾರಿ. ಮನುಷ್ಯನಿಗೆ ಹುಟ್ಟಿದ ಹಲ್ಲುಗಳೆಲ್ಲ ಬಾಯಿಯಲ್ಲಿ ಉಳಿಯಬೇಕು, ಆಗಲೇ ಮುಖಕ್ಕೆ ಸರಿಯಾದ ರೂಪ ಬರುತ್ತದೆ ಎಂಬುದು ಅವರ ದೃಢ ನಂಬಿಕೆ. ದವಡೆಯಲ್ಲಿ ಜಾಗ ಸಾಲದಿದ್ದರೆ? ಹಲ್ಲುಗಳನ್ನು ಹೊರಕ್ಕೆ ಹರಡಿ ಸಾಲು ಮಾಡಿ, ಸರಿಯಾಗಿ ಅಗಿಯತೊಡಗಿದರೆ ಅವುಗಳ ಸುತ್ತ ಮೂಳೆ ತಾನೇ ಬೆಳೆಯುತ್ತದೆ ಎಂದು ಅವರು ಹೇಳುತ್ತಿದ್ದರು. 1911ರಲ್ಲಿ ಕ್ಯಾಲ್ವಿನ್ ಕೇಸ್ ಎಂಬ ತಜ್ಞರು ಕೆಲವು ರೋಗಿಗಳಿಗೆ ಹಲ್ಲು ಕೀಳುವುದು ಅಗತ್ಯ ಎಂದು ವಾದಿಸಿದಾಗ ಆ್ಯಂಗಲ್ ಅವರ ಶಿಷ್ಯರು ಅದನ್ನು ತೀವ್ರವಾಗಿ ವಿರೋಧಿಸಿದರು. ಆ ಮೇಲೆ ಹಲವು ವರ್ಷಗಳ ಕಾಲ ಆ್ಯಂಗಲ್ ಮಾತೇ ಅಂತಿಮವಾಗಿ ನಡೆಯಿತು.

ಕೊನೆಗಾಲದಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿದ್ದಾಗ ಅವರು ‘ಎಡ್ಜ್‌ವೈಸ್’ ಎಂಬ ಸಾಧನವನ್ನು ರೂಪಿಸಿದರು. ಪ್ರತಿ ಹಲ್ಲಿನ ಮೇಲೂ ಒಂದು ಪುಟ್ಟ ಬ್ರ್ಯಾಕೆಟ್. ಅದರ ನಡುವೆ ಚೌಕಾಕಾರದ ಸಣ್ಣ ಸೀಳು. ಆ ಸೀಳಿನಲ್ಲಿ ಚಪ್ಪಟೆ ಬದಿಗಳ ತಂತಿ. ದುಂಡನೆಯ ತಂತಿ ಸೀಳಿನಲ್ಲಿ ಉರುಳುತ್ತದೆ, ಚಪ್ಪಟೆ ಬದಿಯ ತಂತಿ ಹಿಡಿದು ನಿಲ್ಲುತ್ತದೆ. ಹೀಗಾಗಿ ಹಲ್ಲಿನ ತುದಿಯನ್ನು ಮಾತ್ರವಲ್ಲ, ಬೇರನ್ನೂ ಬೇಕಾದ ಕಡೆಗೆ ತಿರುಗಿಸಬಹುದು. ಈಗ ನಮ್ಮ ಮಕ್ಕಳ ಬಾಯಿಯಲ್ಲಿ ಕಾಣುವ ಬ್ರೇಸಸ್ ಅದೇ ಸಾಧನದ ಸಂತತಿ.

ಅರಿಝೋನಾದ ಶಿಷ್ಯ

1928ರಲ್ಲಿ ಟ್ವೀಡ್ ಅವರಿಗೆ 33 ವರ್ಷ, ಆ್ಯಂಗಲ್ ಅವರಿಗೆ 73. ತಮ್ಮ ಹೊಸ ಸಾಧನದ ಬಗ್ಗೆ ಬರುತ್ತಿದ್ದ ಟೀಕೆಗೆ ಉತ್ತರವಾಗಿ ಆ್ಯಂಗಲ್ ಒಂದು ದೀರ್ಘ ಲೇಖನ ಸಿದ್ಧಪಡಿಸುತ್ತಿದ್ದರು. ಅದಕ್ಕೆ ನೆರವಾಗಲು ಟ್ವೀಡ್ ಅವರನ್ನು ಕರೆದರು. ಆ ದಿನಗಳಲ್ಲಿ ಗುರುಶಿಷ್ಯರ ನಡುವೆ ಆಳವಾದ ಸ್ನೇಹ ಬೆಳೆಯಿತು. ಗುರು ಶಿಷ್ಯನಿಗೆ ಎರಡು ಕೆಲಸ ಒಪ್ಪಿಸಿದರು. ಎಡ್ಜ್‌ವೈಸ್ ಸಾಧನವನ್ನು ಕೈಬಿಡಬಾರದು, ಮತ್ತು ಈ ವಿದ್ಯೆಗೆ ಕಾನೂನಿನ ಮಾನ್ಯತೆ ಸಿಗುವಂತೆ ದುಡಿಯಬೇಕು.

ಟ್ವೀಡ್ ಅರಿಝೋನಾಕ್ಕೆ ಮರಳಿ ಫೀನಿಕ್ಸ್ ನಗರದಲ್ಲಿ ಚಿಕಿತ್ಸಾಲಯ ತೆರೆದರು. ಎಡ್ಜ್‌ವೈಸ್ ಸಾಧನವೊಂದನ್ನೇ ಬಳಸುವ ಚಿಕಿತ್ಸಾಲಯ ಅದು. ಈ ವಿದ್ಯೆಯಲ್ಲಿ ತರಬೇತಿ ಪಡೆದವರೇ ತಜ್ಞರೆಂದು ಹೇಳಿಕೊಳ್ಳಬೇಕು ಎಂಬ ಕಾನೂನು 1929ರಲ್ಲಿ ಅರಿಝೋನಾದಲ್ಲಿ ಬರಲು ಅವರೇ ಶ್ರಮಿಸಿದರು. ಅಮೆರಿಕದಲ್ಲಿ ಇಂಥ ಮೊದಲ ಕಾನೂನು ಇದು. ಅದರಡಿ ನೀಡಿದ ಮೊದಲ ಸಂಖ್ಯೆಯ ಪ್ರಮಾಣಪತ್ರ ಟ್ವೀಡ್ ಅವರದು. 1930ರ ಆಗಸ್ಟ್‌ನಲ್ಲಿ ಆ್ಯಂಗಲ್ ತೀರಿಕೊಂಡರು. ಗುರು ಒಪ್ಪಿಸಿದ ಎರಡು ಕೆಲಸಗಳೂ ಶಿಷ್ಯನ ಕೈಯಲ್ಲಿ ಚೆನ್ನಾಗಿಯೇ ನಡೆದಿದ್ದವು.

ಹಳೆಯ ರೋಗಿಗಳ ಮುಖ

ಟ್ವೀಡ್ ಸುಮಾರು ಆರೂವರೆ ವರ್ಷ ಗುರುವಿನ ದಾರಿಯಲ್ಲೇ ನಡೆದರು. ಯಾರ ಹಲ್ಲನ್ನೂ ಕೀಳಿಸಲಿಲ್ಲ. ಎಲ್ಲ ಹಲ್ಲುಗಳನ್ನೂ ಸಾಲಿಗೆ ತಂದರು. ಸಾಧನ ತೆಗೆಯುವ ದಿನ ಸಾಲು ಅಂದವಾಗಿಯೇ ಇರುತ್ತಿತ್ತು. ಅಲ್ಲಿಗೆ ರೋಗಿ ಸಂತೋಷದಿಂದ ಹೋಗುತ್ತಾನೆ, ವೈದ್ಯನ ಹೆಸರೂ ಉಳಿಯುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ.

ಟ್ವೀಡ್ ಅಲ್ಲಿಗೆ ನಿಲ್ಲಲಿಲ್ಲ. ಚಿಕಿತ್ಸೆ ಮುಗಿದು ವರ್ಷಗಳಾದವರನ್ನು ಮತ್ತೆ ಪರೀಕ್ಷಿಸಿದರು. ಅವರ ಹಲ್ಲಿನ ಅಚ್ಚುಗಳನ್ನೂ ಮುಖದ ಫೋಟೋಗಳನ್ನೂ ಮೊದಲಿನವುಗಳ ಜೊತೆ ಇಟ್ಟು ನೋಡಿದರು. ಅನೇಕರಲ್ಲಿ ಹಲ್ಲುಗಳು ಮತ್ತೆ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಇನ್ನು ಕೆಲವರಲ್ಲಿ ಸಾಲು ಉಳಿದಿದ್ದರೂ ಬಾಯಿಯ ಭಾಗವೇ ಮುಂದೆ ಉಬ್ಬಿ, ತುಟಿ ಸಹಜವಾಗಿ ಮುಚ್ಚದ ಹಾಗಾಗಿತ್ತು. ಚಿಕ್ಕ ದವಡೆಯಲ್ಲಿ ಎಲ್ಲ ಹಲ್ಲುಗಳನ್ನು ಹಿಡಿಸಲು ಹೋಗಿ ಅವುಗಳನ್ನು ಮೂಳೆಯ ಆಸರೆಯಿಂದ ಹೊರಗೆ ತಳ್ಳಲಾಗಿತ್ತು. ಗುರು ಹೇಳಿದಂತೆ ಅಲ್ಲಿ ಹೊಸ ಮೂಳೆ ಬೆಳೆದಿರಲಿಲ್ಲ.

ಇದರ ಜೊತೆಗೆ ಅವರು ಇನ್ನೊಂದನ್ನೂ ಗಮನಿಸಿದರು. ಯಾರ ಕೆಳಗಿನ ಬಾಚಿಹಲ್ಲುಗಳು ಮೂಳೆಯ ಮೇಲೆ ನೆಟ್ಟಗೆ ನಿಂತಿದ್ದವೋ ಅವರ ಮುಖ ಹಿತವಾಗಿತ್ತು, ಫಲಿತಾಂಶವೂ ಉಳಿದಿತ್ತು. ಜಾಗವಿಲ್ಲದ ದವಡೆಯಲ್ಲಿ ಬಾಚಿಹಲ್ಲುಗಳನ್ನು ನೆಟ್ಟಗೆ ನಿಲ್ಲಿಸಬೇಕಾದರೆ ಎಲ್ಲಿಯಾದರೂ ಜಾಗ ಮಾಡಲೇಬೇಕು. ಕೋರೆಹಲ್ಲಿನ ಹಿಂದೆಯೇ ಇರುವ ಚಿಕ್ಕ ದವಡೆ ಹಲ್ಲಿನ ಅಗಲ ಸುಮಾರು 7 ಮಿಲಿಮೀಟರ್. ಮೇಲೆ ಎರಡು, ಕೆಳಗೆ ಎರಡು ತೆಗೆದರೆ ಬೇಕಾದ ಜಾಗ ಸಿಗುತ್ತದೆ. ಅಗಿಯುವ ಕೆಲಸಕ್ಕೂ ಹೆಚ್ಚು ಕೊರತೆಯಾಗುವುದಿಲ್ಲ.

ಈ ತೀರ್ಮಾನಕ್ಕೆ ಬಂದ ಮೇಲೆ ಟ್ವೀಡ್ ಅವರ ಮುಂದೆ ಎರಡು ದಾರಿಗಳಿದ್ದವು. ಹಳೆಯದನ್ನು ಮರೆತು ಹೊಸ ರೋಗಿಗಳಿಗೆ ಮಾತ್ರ ಹೊಸ ಕ್ರಮ ಅನುಸರಿಸಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಅವರು ಆರಿಸಿಕೊಂಡದ್ದು ಕಷ್ಟದ ದಾರಿ. ತಮ್ಮ ಕೈಯಲ್ಲಿ ಚಿಕಿತ್ಸೆ ಸೋತಿದ್ದ ರೋಗಿಗಳಿಗೆ ನಾಲ್ಕು ಹಲ್ಲು ತೆಗೆಸಿ ಮೊದಲಿನಿಂದ ಮತ್ತೆ ಚಿಕಿತ್ಸೆ ಮಾಡಿದರು. ಈ ಎರಡನೆಯ ಚಿಕಿತ್ಸೆಗೆ ಹಣ ಪಡೆಯಲಿಲ್ಲ.

ಹಣಕ್ಕಿಂತ ಮಾತು ದೊಡ್ಡದಾಗಿತ್ತು. ಅದೇ ಊರಿನ, ತಮ್ಮನ್ನು ನಂಬಿ ಬಂದಿದ್ದ ಮನೆಯವರಿಗೆ ‘ನಾನು ಮೊದಲು ಮಾಡಿದ್ದು ಸರಿಯಾಗಲಿಲ್ಲ’ ಎಂಬುದನ್ನು ತಿಳಿಸಬೇಕಿತ್ತು. ತೀರಿಕೊಂಡ ಗುರುವಿನ ಮಾತಿಗೆ ವಿರುದ್ಧವಾಗಿ ನಡೆಯಬೇಕಿತ್ತು. ಗುರುವಿನ ಮೇಲಿನ ಪ್ರೀತಿ, ರೋಗಿಯ ಹಿತ ಎರಡೂ ಎದುರುಬದುರು ನಿಂತಾಗ ಅವರು ರೋಗಿಯ ಪಕ್ಷ ವಹಿಸಿದರು.

ವಿರೋಧ ಮತ್ತು ನೂರು ಜನರ ದಾಖಲೆ

1936ರಲ್ಲಿ ಟ್ವೀಡ್ ತಮ್ಮ ಅನುಭವವನ್ನು ಸಹೋದ್ಯೋಗಿಗಳ ಮುಂದಿಟ್ಟರು. ಆ್ಯಂಗಲ್ ಶಿಷ್ಯವರ್ಗಕ್ಕೆ ಅದು ಗುರುದ್ರೋಹದಂತೆ ಕಂಡಿತು. ಕಟುವಾದ ಟೀಕೆಗಳು ಬಂದವು. ಆದರೆ ಅವರು ವಾಗ್ವಾದಕ್ಕೆ ಹೋಗದೆ ಚಿಕಿತ್ಸಾಲಯಕ್ಕೆ ಮರಳಿ ದಾಖಲೆ ಕೂಡಿಸುತ್ತಾ ಹೋದರು. 1940ರಲ್ಲಿ 100 ರೋಗಿಗಳ ಹಲ್ಲಿನ ಅಚ್ಚು, ಫೋಟೋ ಮುಂತಾದವನ್ನು ಸಹೋದ್ಯೋಗಿಗಳ ಎದುರು ಪ್ರದರ್ಶಿಸಿದರು. ಹಲ್ಲು ಕೀಳದೆ ಮಾಡಿದ ಮೊದಲ ಚಿಕಿತ್ಸೆಯ ನಂತರ ಹೇಗಿತ್ತು, ಹಲ್ಲು ಕಿತ್ತು ಮಾಡಿದ ಎರಡನೆಯ ಚಿಕಿತ್ಸೆಯ ನಂತರ ಹೇಗಾಯಿತು ಎಂಬುದನ್ನು ಒಬ್ಬೊಬ್ಬರಲ್ಲೂ ನೋಡಬಹುದಿತ್ತು. ತಮ್ಮದೇ ಸೋಲುಗಳನ್ನು ಸಾಲಾಗಿ ಮೇಜಿನ ಮೇಲೆ ಇಟ್ಟು ತೋರಿಸಿದ ಹಾಗಾಯಿತು. ಆ್ಯಂಗಲ್ ಅವರ ಇನ್ನೊಬ್ಬ ಶಿಷ್ಯ, ಆಸ್ಟ್ರೇಲಿಯಾದ ಅಡಿಲೇಡ್‌ನ ರೇಮಂಡ್ ಬೆಗ್ ಕೂಡ ತಮ್ಮ ಅನುಭವದಿಂದಲೇ ಹಲ್ಲು ಕೀಳುವ ಕ್ರಮಕ್ಕೆ ಬಂದಿದ್ದರು.

ಕ್ರಮೇಣ ಜನರು ಟ್ವೀಡ್ ಅವರಿಂದ ಕಲಿಯಲು ಬರತೊಡಗಿದರು. 1941ರಿಂದ ಟೂಸಾನ್ ನಗರದಲ್ಲಿ ಅವರು ತಜ್ಞರಿಗೆ ತರಬೇತಿ ಕೊಟ್ಟರು. ಅವರ ಹೆಸರಿನ ಪ್ರತಿಷ್ಠಾನ ಅದೇ ನಗರದಲ್ಲಿ ಆ ಕೆಲಸ ಮುಂದುವರಿಸಿದೆ. ತಲೆಯ ಪಾರ್ಶ್ವದ ಎಕ್ಸ್‌ರೇ ತೆಗೆದು ಅಳೆಯುವ ವಿಧಾನ 1931ರಲ್ಲೇ ಬಂದಿತ್ತು. ಟ್ವೀಡ್ ಅದನ್ನು ಬಳಸಿ ಮೂರು ಕೋನಗಳ ಲೆಕ್ಕವೊಂದನ್ನು ರೂಪಿಸಿದರು. ಹಲ್ಲು ಕೀಳಬೇಕೇ ಬೇಡವೇ ಎಂಬುದನ್ನು ಕಣ್ಣಂದಾಜಿಗೆ ಬಿಡದೆ ಅಳೆದು ನಿರ್ಧರಿಸಲು ಅದು ನೆರವಾಯಿತು. ‘ಟ್ವೀಡ್ ತ್ರಿಕೋನ’ ಎಂಬ ಹೆಸರಿನಲ್ಲಿ ಅದು ಇಂದಿಗೂ ಪಠ್ಯದಲ್ಲಿದೆ.

ಹಲ್ಲು ಕೀಳುವುದೇ ಸರಿ ಎಂದಾಯಿತೇ?

ಇಲ್ಲ. ಟ್ವೀಡ್ ಅವರ ಮಾತು ಒಪ್ಪಿತವಾದ ಮೇಲೆ ಹಲವರು ಎಲ್ಲರ ಹಲ್ಲನ್ನೂ ಕೀಳತೊಡಗಿದರು. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಚಿಕಿತ್ಸಾಲಯದ ದಾಖಲೆ ಇದನ್ನು ತೋರಿಸುತ್ತದೆ. 1953ರಲ್ಲಿ ಅಲ್ಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 30 ಮಂದಿಗೆ ಹಲ್ಲು ಕೀಳಲಾಗಿತ್ತು. 1968ರಲ್ಲಿ ಅದು ಶೇ. 76ಕ್ಕೆ ಏರಿತು. 1993ಕ್ಕೆ ಮತ್ತೆ ಶೇ. 28ಕ್ಕೆ ಇಳಿಯಿತು. ಮನುಷ್ಯರ ದವಡೆ ನಲ್ವತ್ತು ವರ್ಷಗಳಲ್ಲಿ ಹಿಗ್ಗಿ ಕುಗ್ಗಲಿಲ್ಲ, ವೈದ್ಯರ ಅಭಿಪ್ರಾಯ ಬದಲಾಯಿತು.

ಆದ್ದರಿಂದ ‘ಎಂದೂ ಕೀಳಬಾರದು’ ಎಂಬ ಹಟವೂ ತಪ್ಪು, ‘ಎಲ್ಲರಿಗೂ ಕೀಳಬೇಕು’ ಎಂಬ ರೂಢಿಯೂ ತಪ್ಪು. ಪ್ರತಿ ಮಗುವಿನ ದವಡೆ, ಹಲ್ಲಿನ ಗಾತ್ರ, ತುಟಿ, ಮುಖ ಬೇರೆ ಬೇರೆ. ಟ್ವೀಡ್ ಅವರಿಂದ ಕಲಿಯಬೇಕಾದದ್ದು ನಾಲ್ಕು ಹಲ್ಲು ಕೀಳುವುದನ್ನಲ್ಲ. ಮಾಡಿದ ಕೆಲಸ ವರ್ಷಗಳ ನಂತರ ಏನಾಯಿತೆಂದು ಹಿಂತಿರುಗಿ ನೋಡುವುದನ್ನು.

ಹೆತ್ತವರು ತಿಳಿದಿರಬೇಕಾದದ್ದು

ಮಗುವಿಗೆ ಏಳು ವರ್ಷವಾಗುವ ಹೊತ್ತಿಗೆ ಒಮ್ಮೆ ತಜ್ಞರಿಗೆ ತೋರಿಸುವುದು ಒಳ್ಳೆಯದು. ಆಗಲೇ ತಂತಿ ಹಾಕಿಸಬೇಕೆಂದಲ್ಲ. ದವಡೆಯ ಕೆಲವು ದೋಷಗಳನ್ನು ಬೆಳೆಯುವ ವಯಸ್ಸಿನಲ್ಲಿ ಸುಲಭವಾಗಿ ತಿದ್ದಬಹುದು. ಬೆಳವಣಿಗೆ ನಿಂತ ಮೇಲೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಒಸಡು ಆರೋಗ್ಯವಾಗಿದ್ದರೆ ದೊಡ್ಡವರೂ ಹಲ್ಲಿನ ಸಾಲು ಸರಿಪಡಿಸಿಕೊಳ್ಳಬಹುದು. ಆದರೆ ನಿಕಾಹ್‌ಗೆ ಮೂರು ತಿಂಗಳಿರುವಾಗ ಬಂದು ಅಷ್ಟರಲ್ಲಿ ಮುಗಿಸಿಕೊಡಿ ಎಂದರೆ ಮೂಳೆ ಆ ತಾರೀಕನ್ನು ಕೇಳುವುದಿಲ್ಲ.

ಚಿಕಿತ್ಸೆ ಆರಂಭಿಸುವ ಮೊದಲು ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ:

1. ತಾವು ಈ ವಿಷಯದಲ್ಲೇ ಎಂ.ಡಿ.ಎಸ್. ಮಾಡಿದ್ದೀರಾ?

2. ಹಲ್ಲು ಕೀಳಬೇಕೆಂದರೆ ಏಕೆ? ಕೀಳದಿದ್ದರೆ ಏನಾಗುತ್ತದೆ? ಎಕ್ಸ್‌ರೇ ಮತ್ತು ಹಲ್ಲಿನ ಅಚ್ಚು ತೋರಿಸಿ ಹೇಳುವಿರಾ?

3. ಒಟ್ಟು ಖರ್ಚು ಎಷ್ಟು? ಎಷ್ಟು ತಿಂಗಳು, ಎಷ್ಟು ಸಲ ಬರಬೇಕು?

4. ತಂತಿ ತೆಗೆದ ಮೇಲೆ ಹಲ್ಲು ಹಿಂದಕ್ಕೆ ಸರಿಯದಂತೆ ಏನು ಮಾಡುವಿರಿ?

ನಾಲ್ಕನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ತಂತಿ ತೆಗೆದಾಗ ಹಲ್ಲಿನ ಸುತ್ತಲಿನ ನಾರುಗಳು ಇನ್ನೂ ಹಳೆಯ ಜಾಗಕ್ಕೆ ಎಳೆಯುತ್ತಿರುತ್ತವೆ. ಅದಕ್ಕಾಗಿ ರಿಟೇನರ್ ಎಂಬ ಸಾಧನ ಕೊಡುತ್ತಾರೆ. ಅದನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸದೆ ಕಪಾಟಿನಲ್ಲಿಟ್ಟರೆ ಎರಡು ವರ್ಷದ ಶ್ರಮವೂ ಹಣವೂ ವ್ಯರ್ಥ. ಹೀಗಾದಾಗ ಹೊಣೆ ವೈದ್ಯರದಲ್ಲ, ನಮ್ಮದು.

ಖರ್ಚು ಭರಿಸಲಾಗದ ಮನೆಯವರು ಡೆಂಟಲ್ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಚಿಕಿತ್ಸೆ ಕೊಡುತ್ತಾರೆ, ಶುಲ್ಕ ಸಾಮಾನ್ಯವಾಗಿ ಕಡಿಮೆ. ಚಿಕಿತ್ಸೆಯ ನಡುವೆ ಗಲ್ಫ್‌ಗೆ ಅಥವಾ ಬೇರೆ ಊರಿಗೆ ಹೋಗಬೇಕಾದ ಮಕ್ಕಳಿದ್ದರೆ ಅದನ್ನು ಮೊದಲೇ ಹೇಳಿ. ಹೊರಡುವಾಗ ಎಕ್ಸ್‌ರೇ, ಅಚ್ಚು, ಚಿಕಿತ್ಸೆಯ ವಿವರ ಕೈಯಲ್ಲಿರಲಿ. ಉಪವಾಸದ ತಿಂಗಳಲ್ಲಿ ತಂತಿ ಬಿಗಿಸಿದ ಮೇಲೆ ಒಂದೆರಡು ದಿನ ನೋವು ಇರುವುದರಿಂದ ಭೇಟಿಯ ಸಮಯವನ್ನು ವೈದ್ಯರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ. ಇಫ್ತಾರ್‌ನಲ್ಲಿ ಖರ್ಜೂರದ ಬೀಜ ತೆಗೆದು, ತುಂಡು ಮಾಡಿ ಕೊಡಿ. ಬೀಜ ಕಚ್ಚಿದರೆ ಬ್ರ್ಯಾಕೆಟ್ ಕಿತ್ತುಬರುತ್ತದೆ. ಸಹರಿ ಮುಗಿದ ಕೂಡಲೇ ಹಲ್ಲುಜ್ಜಿಸಿ.

ಸೃಷ್ಟಿಯನ್ನು ಬದಲಿಸಿದಂತೆ ಆಗುವುದೇ?

ಚೆಲುವಿಗಾಗಿ ಹಲ್ಲುಗಳನ್ನು ಉಜ್ಜಿ ನಡುವೆ ಸಂದು ಮಾಡಿಸಿಕೊಳ್ಳುವುದನ್ನು ಪ್ರವಾದಿ(ಸ) ಖಂಡಿಸಿದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಕೆಲವು ಮನೆಗಳ ಹಿಂಜರಿಕೆಗೆ ಇದೇ ಕಾರಣ. ಆದರೆ ದೋಷವನ್ನು, ತೊಂದರೆಯನ್ನು ನಿವಾರಿಸುವುದು ಬೇರೆ, ಸರಿಯಾಗಿರುವುದನ್ನು ಅಲಂಕಾರಕ್ಕಾಗಿ ಕೆಡಿಸುವುದು ಬೇರೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಕಾಳಗವೊಂದರಲ್ಲಿ ಮೂಗು ಕತ್ತರಿಸಿಹೋಗಿದ್ದ ಅರ್ಫಜಾ ಬಿನ್ ಅಸ್ಅದ್(ರ) ಬೆಳ್ಳಿಯ ಮೂಗು ಮಾಡಿಸಿಕೊಂಡಿದ್ದರು. ಅದು ವಾಸನೆ ಬಂದಾಗ ಚಿನ್ನದ್ದನ್ನು ಮಾಡಿಸಿಕೊಳ್ಳಲು ಪ್ರವಾದಿ(ಸ) ಅವರಿಗೆ ಹೇಳಿದ್ದು ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ವರದಿಯಾಗಿದೆ. ಅಗಿಯಲಾಗದ, ತುಟಿ ಮುಚ್ಚಲಾಗದ, ಉಜ್ಜಿ ಶುಚಿ ಮಾಡಲಾಗದ ಹಲ್ಲುಗಳನ್ನು ಸರಿಪಡಿಸುವುದು ಚಿಕಿತ್ಸೆ. ಹಲ್ಲು ಸರಿಯಾಗಿಯೇ ಇದ್ದು ಫ್ಯಾಶನ್‌ಗಾಗಿ ತಂತಿ ಹಾಕಿಸುವುದು ಚಿಕಿತ್ಸೆಯಲ್ಲ. ನಿಮ್ಮ ಮಗುವಿನದು ಯಾವುದು ಎಂಬ ಸಂದೇಹವಿದ್ದರೆ ಮೊದಲು ವೈದ್ಯರಿಂದ ತಿಳಿದುಕೊಂಡು ಆಮೇಲೆ ಮಹಲ್ಲಿನ ಉಸ್ತಾದರನ್ನು ಕೇಳಿ.

ನಮ್ಮ ಸಮುದಾಯದ ಅನೇಕ ಹುಡುಗರು, ಹುಡುಗಿಯರು ಈಗ ದಂತವೈದ್ಯ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅವರು ಟ್ವೀಡ್ ತ್ರಿಕೋನವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತಾರೆ. ಅದರ ಹಿಂದಿರುವ ಈ ಮನುಷ್ಯನ ನಡತೆಯನ್ನೂ ಅವರು ತಿಳಿದಿರಲಿ ಎಂಬುದು ನಮ್ಮ ಆಶಯ. ವೈದ್ಯರಷ್ಟೇ ಅಲ್ಲ, ಬಟ್ಟೆ ಹೊಲಿಯುವವರು, ಮನೆ ಕಟ್ಟುವವರು, ಮದ್ರಸದಲ್ಲಿ ಕಲಿಸುವವರು ಎಲ್ಲರೂ ಕೂಲಿ ಕೈಗೆ ಬಂದ ಮೇಲೂ ಒಮ್ಮೆ ತಮ್ಮ ಕೆಲಸವನ್ನು ಹೋಗಿ ನೋಡುವುದು ಒಳ್ಳೆಯದು. ಕೆಟ್ಟಿದ್ದರೆ ಸರಿಪಡಿಸಿಕೊಡಲು ಆಗ ಇನ್ನೂ ಸಮಯವಿರುತ್ತದೆ.